ಪಕ್ಕಕ್ಕೆ ಇಟ್ಟಾಗ ಗೊತ್ತಾಗೋ ಶರಣಾಗತಿ

ಮಾನ್ಯ ಸಂಪಾದಕರೇ, ನಮಸ್ಕಾರ.

ಹೋದ ವಾರ ನಿಮ್ಮ ವಾಚಕರ ಪತ್ರಗಳ ಜಾಗದಲ್ಲಿ ಒಬ್ಬ ಓದುಗರು ಬರೆದಿದ್ರು, ದೇವರಿಗೆ ಶರಣಾಗು, ಎಲ್ಲಾ ಅವನ ಕೈಲಿದೆ ಅಂತ ಹೇಳಿ ಹೇಳಿನೇ ನಮ್ಮ ಜನ ಕೈಕಟ್ಟಿ ಕೂರೋದು ಕಲ್ತಿದಾರೆ, ಎಲ್ಲಾ ಧರ್ಮದವರೂ ಇದನ್ನೇ ಹೇಳ್ಕೊಡ್ತಾರೆ, ಚರ್ಚ್‌ನವರಂತೂ ಮೊಣಕಾಲೂರೋದು ಬಿಟ್ರೆ ಇನ್ನೇನೂ ಕಲಿಸಲ್ಲ ಅಂತ. ಓದಿ ನಂಗೆ ಸಿಟ್ಟು ಬರಲಿಲ್ಲ, ಮನಸ್ಸಿಗೆ ನಾಟ್ತು. ಯಾಕಂದ್ರೆ ಅದೇ ಮೊಣಕಾಲು ಊರ್ಕೊಂಡು ನಾನೂ ಬಹಳ ವರ್ಷ ಶರಣಾಗತಿ ಅಂದ್ರೆ ಏನು ಅಂತ ಗೊತ್ತಿಲ್ದೇನೇ ಇದ್ದವನು. ಅದಕ್ಕೆ ಈ ಪತ್ರ, ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಪೂರ್ತಿ ಹಾಕಿ.

ನಾನು ಲಿಂಗರಾಜಪುರದವನು, ಜಾಲಹಳ್ಳಿ ಕಡೆ ಒಂದು ಕಾರ್ಖಾನೇಲಿ 32 ವರ್ಷ ಲೇತ್ ಮೇಲೆ ದುಡಿದು ರಿಟೈರ್ ಆದೋನು. ಸಿಎಸ್‌ಐ, ಅಂದ್ರೆ ಚರ್ಚ್ ಆಫ್ ಸೌತ್ ಇಂಡಿಯಾದ ಕನ್ನಡ ಸಭೆ ನಮ್ದು, ಸಭೆ ಹೆಸರು ಇಲ್ಲಿ ಬೇಡ. ಅಲ್ಲಿ 11 ವರ್ಷ ಸಮಿತಿ ಕಾರ್ಯದರ್ಶಿಯಾಗಿದ್ದೆ. ಕಾಣಿಕೆ ಎಣಿಸೋದು, ಪೇಂಟಿಂಗ್ ಮಾಡಿಸೋದು, ಸುಗ್ಗಿ ಹಬ್ಬದಲ್ಲಿ ಕುಂಬಳಕಾಯಿ ಕೋಳಿ ಕೇಕು ಹರಾಜು ಕೂಗೋದು, ಯಾರಾದ್ರೂ ತೀರ್ಕೊಂಡ್ರೆ ಹೊಸೂರು ರೋಡ್ ಸ್ಮಶಾನಕ್ಕೆ ಓಡಾಡೋದು, ಎಲ್ಲಾ ನಾನೇ. ಭಾನುವಾರ ಬೆಳಗ್ಗೆ ಗಂಟೆ ಹೊಡೆಯೋಕೆ ಮುಂಚೆ ನಾನು ಅಲ್ಲಿರ್ತಿದ್ದೆ. ಸಭೆಯವರು ಕಾಣಿಕೆ ಹಾಕೋ ತಟ್ಟೆ, ಕರ್ತನ ಭೋಜನದ ಬೆಳ್ಳಿ ಬಟ್ಟಲು, ಮದುವೆ ರಿಜಿಸ್ಟರು, ದೀಕ್ಷಾಸ್ನಾನದ ರಿಜಿಸ್ಟರು ಎಲ್ಲಾ ಇಡೋ ಕಬ್ಬಿಣದ ಬೀರು ಒಂದಿದೆ, ಅದರ ಕೀ ಗೊಂಚಲು ನನ್ನ ಪ್ಯಾಂಟ್ ಜೇಬಲ್ಲೇ ಇರ್ತಿತ್ತು, ನಡೆದ್ರೆ ಸದ್ದು ಮಾಡೋದು. ಆ ಸದ್ದು ನಂಗೆ ಎಷ್ಟು ಹಿತವಾಗಿತ್ತು ಅಂತ ಈಗ ಹೇಳ್ಕೊಳ್ಳೋಕೆ ನಾಚಿಕೆ ಆಗುತ್ತೆ.

ನಮ್ಮಂಥ ಹಳೇ ವೆಸ್ಲಿಯನ್ ಮೂಲದ ಸಭೆಗಳಲ್ಲಿ ಒಂದು ಪದ್ಧತಿ ಇದೆ, ಎಲ್ಲರಿಗೂ ಗೊತ್ತಿರಲ್ಲ ಅಂತ ಹೇಳ್ತೀನಿ. ಹೊಸ ವರ್ಷದ ಶುರುವಿನಲ್ಲಿ ಒಡಂಬಡಿಕೆ ಆರಾಧನೆ ಅಂತ ಮಾಡ್ತೀವಿ. 1755ರಲ್ಲಿ ಲಂಡನ್ನಲ್ಲಿ ಮೆಥಡಿಸ್ಟ್ ಪಂಥದ ಬೋಧಕ ಜಾನ್ ವೆಸ್ಲಿ ತನ್ನ ಜನರನ್ನ ಸೇರಿಸಿ ಶುರು ಮಾಡಿದ್ದು ಅದು, ಅವರ ವೆಸ್ಲಿಯನ್ ಮಿಷನ್‌ನವರು ಬೆಂಗಳೂರಿಗೆ ಬಂದಾಗ ಇದೂ ಜೊತೇಲಿ ಬಂತು, 1947ರ ಸೆಪ್ಟೆಂಬರ್ 27ಕ್ಕೆ ಬೇರೆಬೇರೆ ಸಭೆಗಳು ಕೂಡಿ ಸಿಎಸ್‌ಐ ಆದಾಗ್ಲೂ ಇದು ಉಳ್ಕೊಳ್ತು. ಆವತ್ತು ಎಲ್ಲರೂ ಒಟ್ಟಿಗೆ ಹೇಳೋ ಒಂದು ಪ್ರಾರ್ಥನೆ ಇದೆ. ಅದರ ತಾತ್ಪರ್ಯ ಏನಂದ್ರೆ, ನಾನು ಇನ್ಮೇಲೆ ನನ್ನವನಲ್ಲ, ನಿನ್ನವನು, ನಿಂಗೆ ಬೇಕಾದ ಕೆಲಸಕ್ಕೆ ಹಚ್ಚು, ಬೇಡ ಅನ್ಸಿದ್ರೆ ನಿನಗೋಸ್ಕರನೇ ನನ್ನ ಪಕ್ಕಕ್ಕೆ ಇಡು. 11 ವರ್ಷ ಕಾರ್ಯದರ್ಶಿಯಾಗಿ, ಅದಕ್ಕೂ ಮುಂಚೆ ಹುಡುಗನಾಗಿದ್ದಾಗಿಂದ್ಲೂ, ಪ್ರತಿ ಜನವರೀಲಿ ನಾನು ಇದನ್ನ ಗಟ್ಟಿ ಧ್ವನೀಲಿ ಓದಿದೀನಿ. ಕೆಲಸಕ್ಕೆ ಹಚ್ಚು ಅನ್ನೋದು ಕೇಳಿಸ್ತಿತ್ತು. ಪಕ್ಕಕ್ಕೆ ಇಡು ಅನ್ನೋದು ನನ್ನ ಬಾಯಿಂದಲೇ ಬರ್ತಿತ್ತು, ಕಿವಿಗೆ ಬೀಳ್ತಿರಲಿಲ್ಲ.

ಮೂರು ವರ್ಷದ ಹಿಂದೆ ಸಮಿತಿ ಚುನಾವಣೆಯಲ್ಲಿ ಸೋತೆ. 23 ವೋಟು. ಗೆದ್ದಿದ್ದು ನಾನೇ ಸಂಡೇ ಸ್ಕೂಲಲ್ಲಿ ಪಾಠ ಹೇಳ್ಕೊಟ್ಟ ಹುಡುಗ, ಈಗ ಸಾಫ್ಟ್‌ವೇರ್‌ನಲ್ಲಿದಾನೆ. ಮಾರನೇ ಭಾನುವಾರ ಬಂದು "ಅಂಕಲ್, ಕೀ ಕೊಡ್ತೀರಾ" ಅಂದ. ಮನೇಲಿದೆ ಅಂದೆ. ಜೇಬಲ್ಲೇ ಇತ್ತು ಸಾರ್, ತೊಡೆಗೆ ಒತ್ತುತಾ ಇತ್ತು. ಮುಂದಿನ ವಾರನೂ ಏನೋ ಹೇಳ್ದೆ. ಹೀಗೆ ಐದು ಭಾನುವಾರ. ಆ ಐದು ವಾರ ನಾನು ಮನೇಲಿ ಕೂತು ಮಾಡಿದ ಪ್ರಾರ್ಥನೆ ಏನು ಗೊತ್ತಾ, ಕರ್ತನೇ, ನಿನ್ನ ಆಲಯವನ್ನ ನೋಡ್ಕೊಳ್ಳೋರು ಯಾರು, ಈ ಹುಡುಗರಿಗೆ ಏನು ಗೊತ್ತು, ನಿನ್ನ ಚಿತ್ತ ಆಗ್ಲಿ ಅಂತ. ನಿನ್ನ ಚಿತ್ತ ಅಂತ ಬಾಯಲ್ಲಿ, ನನ್ನ ಚಿತ್ತ ಹೊಟ್ಟೇಲಿ.

ಆ ದಿನಗಳಲ್ಲೇ ಮಗಳ ಮನೆಗೆ ಹೂಕುಂಡ ತರೋಣ ಅಂತ ಬೆನ್ಸನ್ ಟೌನ್ ಪಕ್ಕದ ಪಾಟರಿ ಟೌನ್‌ಗೆ ಹೋಗಿದ್ದೆ. ಬೆಂಗಳೂರಿನವರಿಗೆ ಗೊತ್ತಿರೋ ಜಾಗ, ದೀಪಾವಳಿ ಹಣತೆ, ಗಣೇಶ ಎಲ್ಲಾ ಅಲ್ಲಿ ಮಾಡ್ತಾರೆ. ಒಬ್ಬ ವಯಸ್ಸಾದ ಕುಂಬಾರರು ಕೂತು ಕೆಲಸ ಮಾಡ್ತಿದ್ರು, ತಿಗರಿ ಈಗ ಕರೆಂಟಿಂದು. ನಾನೂ ಮೆಷಿನ್ ಮೇಲೆ ಕೆಲಸ ಮಾಡ್ದೋನು ನೋಡಿ, ತಿರುಗೋದು ಅಂದ್ರೆ ನಿಂತು ನೋಡ್ತೀನಿ. ಮೊದಲು ಮಣ್ಣಿನ ಮುದ್ದೇನ ಹಿಟ್ಟು ನಾದೋ ಹಾಗೆ ನಾದಿ ನಾದಿ, ಬೆರಳಿಗೆ ಸಿಕ್ಕಿದ ಸಣ್ಣ ಕಲ್ಲನ್ನ ಆರಿಸಿ ಪಕ್ಕಕ್ಕೆ ಎಸೀತಿದ್ರು. ಆಮೇಲೆ ತಿಗರಿ ಮಧ್ಯಕ್ಕೆ ತಪ್ಪಂತ ಬಡಿದು ಎರಡೂ ಅಂಗೈಲಿ ಒತ್ತಿ ಹಿಡಿದ್ರು. ಮುದ್ದೆ ಆ ಕಡೆ ಈ ಕಡೆ ಓಲಾಡ್ತಿತ್ತು, ಅವರ ಕೈ ಮಾತ್ರ ಅಲುಗಾಡಲಿಲ್ಲ, ಒಂದು ನಿಮಿಷಕ್ಕೆ ಮಣ್ಣು ಮಧ್ಯಕ್ಕೆ ಬಂದು ನಿಂತು ತಿರುಗ್ತಾನೇ ಇಲ್ಲವೇನೋ ಅನ್ನೋ ಹಾಗೆ ಸ್ತಬ್ಧ ಆಯ್ತು. ಹೆಬ್ಬೆಟ್ಟು ಒಳಗಿಟ್ಟು ಎತ್ತಿದ್ರು, ಕುಂಡ ಮೇಲೆದ್ದು ಬಂತು, ನನ್ನ ಕಣ್ಣಿಗೆ ಚೆನ್ನಾಗೇ ಇತ್ತು, ಅಷ್ಟರಲ್ಲಿ ಅವರು ಅದನ್ನ ಅಮುಕಿ ಮತ್ತೆ ಮುದ್ದೆ ಮಾಡಿಬಿಟ್ರು.

ನಾನು "ಅಯ್ಯೋ ಯಾಕೆ, ಚೆನ್ನಾಗಿತ್ತಲ್ಲ" ಅಂದೆ.

"ಒಳಗೆ ಗಾಳಿ ಉಳ್ಕೊಂಡಿತ್ತು ಸಾರ್, ಬೇಯಿಸುವಾಗ ಒಡೆದೋಗುತ್ತೆ. ಮಣ್ಣೆಲ್ಲಿ ಹೋಗುತ್ತೆ, ಇಲ್ಲೇ ಇದೆಯಲ್ಲ" ಅಂದ್ರು, ತಲೆ ಕೂಡ ಎತ್ತಲಿಲ್ಲ.

ಸತ್ಯವೇದ, ಅಂದ್ರೆ ಬೈಬಲ್‌ನಲ್ಲಿ ಯೆರೆಮೀಯ ಪ್ರವಾದಿಯ ಪುಸ್ತಕದ 18ನೇ ಅಧ್ಯಾಯನ ನಾನು ಎಷ್ಟು ಸಲ ಸಭೇಲಿ ಓದಿದೀನೋ. ದೇವರು ಪ್ರವಾದಿಗೆ ಕುಂಬಾರನ ಮನೆಗೆ ಇಳಿದು ಹೋಗು ಅಂತಾನೆ, ಅಲ್ಲಿ ಪಾತ್ರೆ ಕುಂಬಾರನ ಕೈಯಲ್ಲೇ ಕೆಟ್ಟೋಗುತ್ತೆ, ಅವನು ಅದೇ ಮಣ್ಣಿಂದ ಇನ್ನೊಂದು ಪಾತ್ರೆ ಮಾಡ್ತಾನೆ. ಕೈಯಲ್ಲೇ ಕೆಟ್ಟೋಯ್ತು ಅನ್ನೋದನ್ನ ನೋಡಿ. ಕೈ ಜಾರಿ ಬಿದ್ದಿಲ್ಲ, ಆಚೆ ಬಿಸಾಕಿಲ್ಲ. ನಾನು ಸೋತಿದ್ದನ್ನ ದೇವರು ನನ್ನ ಕೈ ಬಿಟ್ಟ ಅಂತ ತಿಳ್ಕೊಂಡಿದ್ದೆ, ಅದೇ ಕೈ ಇನ್ನೂ ನನ್ನ ಹಿಡ್ಕೊಂಡಿದೆ, ಒಳಗಿನ ಗಾಳಿ ಹೋಗ್ಲಿ ಅಂತ ಅಮುಕ್ತಿದೆ ಅಂತ ಆ ಬೀದೀಲಿ ನಿಂತಾಗ ಹೊಳೀತು. ಎರಡು ಕುಂಡ ತಗೊಂಡು ಆಟೋದಲ್ಲಿ ಮನೆಗೆ ಬಂದೆ, ದಾರೀಲಿ ಒಂದು ಸಲ ಜೇಬು ಮುಟ್ಟಿ ನೋಡ್ಕೊಂಡೆ. ಮುಂದಿನ ಭಾನುವಾರ ಆರಾಧನೆಗೆ ಮುಂಚೆನೇ ಆ ಹುಡುಗನ ಕೈಗೆ ಕೀ ಕೊಟ್ಟು, ಐದು ವಾರ ಸುಳ್ಳು ಹೇಳ್ದೆ ಕಣಪ್ಪ, ಕ್ಷಮಿಸು ಅಂದೆ. ಅವನು ಏನೂ ಅನ್ಲಿಲ್ಲ, ನನ್ನ ಕೈನ ಸುಮ್ನೆ ಹಿಡ್ಕೊಂಡ.

ಈಗ ಆ ಓದುಗರಿಗೆ ಹೇಳ್ತೀನಿ. ಇದು ಕೈಕಟ್ಟಿ ಕೂರೋ ಕೆಲಸ ಅಲ್ಲ. ನಮ್ಮ ಕರ್ತನಾದ ಯೇಸುವೇ ಶಿಲುಬೆಗೆ ಹೋಗೋ ಹಿಂದಿನ ರಾತ್ರಿ ಗೆತ್ಸೆಮನೆ ತೋಟದಲ್ಲಿ ಏನು ಪಾಡು ಪಟ್ಟ ನೋಡಿ. ಗೆತ್ಸೆಮನೆ ಅಂದ್ರೆ ಎಣ್ಣೆ ಗಾಣ ಅಂತ ಅರ್ಥ, ಆಲಿವ್ ಕಾಯಿ ಹಿಂಡೋ ಜಾಗ, ಅಲ್ಲಿ ಅವನನ್ನೇ ಹಿಂಡಿದ ಹಾಗಾಯ್ತು, ಬೆವರು ರಕ್ತದ ಹನಿಗಳ ಹಾಗೆ ನೆಲಕ್ಕೆ ಬೀಳ್ತಿತ್ತು ಅಂತ ಲೂಕ ಬರೀತಾನೆ. ಅವನು ಮೊದಲೇ ಆಯ್ತಪ್ಪ ನಿನ್ನಿಷ್ಟ ಅಂತ ಹೇಳಲಿಲ್ಲ. ಸಾಧ್ಯ ಆದ್ರೆ ಈ ಪಾತ್ರೆ, ಅಂದ್ರೆ ಈ ಸಂಕಟ, ನನ್ನಿಂದ ತೊಲಗ್ಲಿ ಅಂತ ಕೇಳ್ದ, ಆಮೇಲೆ ನನ್ನ ಚಿತ್ತ ಬೇಡ ನಿನ್ನ ಚಿತ್ತದ ಹಾಗೇ ಆಗ್ಲಿ ಅಂದ, ಮೂರು ಸಲ ಹೋಗಿ ಹೋಗಿ ಪ್ರಾರ್ಥನೆ ಮಾಡ್ದ ಅಂತ ಮತ್ತಾಯನ ಸುವಾರ್ತೆ 26ನೇ ಅಧ್ಯಾಯದಲ್ಲಿದೆ. ದೇವರ ಮಗನಿಗೇ ಮೂರು ಸಲ ಬೇಕಾಯ್ತು. ಹಾಗಾಗಿ ಗುರುವಾರ ವಿವೇಕನಗರದ ಬಾಲಯೇಸು ದೇವಾಲಯಕ್ಕೆ ಕ್ಯಾಂಡಲ್ ಹಿಡ್ಕೊಂಡು ಹೋಗಿ ಮಗನಿಗೆ ಕೆಲಸ ಕೊಡಪ್ಪ, ನಮ್ಮನೆಯವರ ಕುಡಿತ ಬಿಡಿಸಪ್ಪ ಅಂತ ಬೇಡ್ಕೊಳ್ಳೋರನ್ನ ನಾನು ಯಾವತ್ತೂ ಕೀಳಾಗಿ ನೋಡಲ್ಲ, ಅಲ್ಲಿ ಎಲ್ಲಾ ಧರ್ಮದವರೂ ಬರ್ತಾರೆ, ನಾನೂ ಹೋಗಿದೀನಿ. ಕೇಳೋದು ತಪ್ಪಲ್ಲ. ಕೇಳಿದ್ಮೇಲೆ ಅಂಗೈ ಮುಚ್ಕೊಳ್ಳದೇ ಇರೋದು ಕಷ್ಟ.

ಇನ್ನೊಂದು ಮಾತು, ಇದು ಬಹಳ ಮುಖ್ಯ. ದೇವರಿಗೆ ಒಪ್ಪಿಸಿಕೊಡು ಅನ್ನೋದನ್ನ ಮನುಷ್ಯರಿಗೆ ಒಪ್ಪಿಸಿಕೊಡು ಅಂತ ತಿರುಚೋರಿದಾರೆ, ನಮ್ಮಲ್ಲೂ ಇದಾರೆ. ಗಂಡನ ಕೈಲಿ ಹೊಡೆಸ್ಕೊಂಡು ಮುಖ ಊದಿಸ್ಕೊಂಡು ಬಂದ ಹೆಣ್ಮಗಳಿಗೆ "ಸಹಿಸ್ಕೊಳಮ್ಮ, ಇದು ನಿನ್ನ ಶಿಲುಬೆ" ಅಂತ ಹಿರಿಯರು ಹೇಳಿದ್ದನ್ನ ನಾನು ಪಕ್ಕದಲ್ಲೇ ನಿಂತು ಕೇಳಿದೀನಿ, ಆಗ ಸುಮ್ನಿದ್ದೆ, ಅದಕ್ಕೆ ಇವತ್ತಿಗೂ ಪಶ್ಚಾತ್ತಾಪ ಪಡ್ತೀನಿ. ಶುಗರ್ ಮಾತ್ರೆ ನಿಲ್ಲಿಸಿ ದೇವರಿಗೆ ಬಿಡಿ ಅನ್ನೋ ಬೋಧಕರೂ ಇದಾರೆ, ದಯವಿಟ್ಟು ಅವರ ಮಾತು ಕೇಳ್ಬೇಡಿ. ಯೋಹಾನನ 10ರಲ್ಲಿ ಯೇಸು, ನನ್ನ ಪ್ರಾಣನ ಯಾರೂ ನನ್ನಿಂದ ಕಿತ್ಕೊಳ್ಳಲ್ಲ, ನಾನಾಗೇ ಕೊಡ್ತೀನಿ ಅಂತಾನೆ. ನಾನಾಗೇ. ಕಿತ್ಕೊಂಡಿದ್ದು ಸಮರ್ಪಣೆ ಅಲ್ಲ, ಹೆದರಿಸಿ ತಗೊಂಡಿದ್ದಂತೂ ಅಲ್ಲವೇ ಅಲ್ಲ. ಏಟು ತಿಂದ ಆ ಹೆಣ್ಮಗಳು ಕೊನೆಗೆ ಗಂಡನ ಮನೆ ಬಿಟ್ಟು ತವರಿಗೆ ಹೋಗಿದ್ದು ದೇವರನ್ನ ನಂಬಿಯೇ ಅಂತ ನಾನು ತಿಳ್ಕೊಂಡಿದೀನಿ.

ಪಕ್ಕಕ್ಕೆ ಇಡೋ ವಿಷಯಕ್ಕೆ ಬಂದ್ರೆ ಪಕ್ಕದ ಮನೆ ಕ್ಯಾಥೋಲಿಕ್ ಆಂಟಿ ಒಬ್ಬರು ಹೇಳಿದ ಒಬ್ಬ ಸಂತರ ಬದುಕು ನಂಗೆ ತುಂಬಾ ಧೈರ್ಯ ಕೊಡ್ತು. ಚಾರ್ಲ್ಸ್ ದ ಫುಕೋ ಅಂತ, ಫ್ರಾನ್ಸಿನವರು, ಮೊದಲು ಸೈನ್ಯದಲ್ಲಿದ್ದು ದೇವರ ಗೊಡವೇನೇ ಬೇಡ ಅಂತಿದ್ದವರು, ಆಮೇಲೆ ಗುರುಗಳಾಗಿ ಸಹಾರಾ ಮರುಭೂಮಿಯಲ್ಲಿ ತ್ವಾರೆಗ್ ಜನರ ಮಧ್ಯೆ ಹೋಗಿ ನೆಲೆಸಿದ್ರು. ಒಂದು ಸಹೋದರರ ಸಂಘ ಕಟ್ಟಬೇಕು ಅಂತ ಆಸೆಪಟ್ಟು ನಿಯಮ ಎಲ್ಲಾ ಬರೆದಿಟ್ರು, ಬದುಕಿರೋವರೆಗೂ ಅವರ ಜೊತೆ ಯಾರೂ ನಿಲ್ಲಲಿಲ್ಲ. 1916ರ ಡಿಸೆಂಬರ್ 1ಕ್ಕೆ ಗುಂಡೇಟಿಂದ ತೀರ್ಕೊಂಡ್ರು, ಒಬ್ಬಂಟಿಯಾಗಿ. ಹೊರಗಿನವರ ಲೆಕ್ಕದಲ್ಲಿ ಸೊನ್ನೆ. ಸಂಘಗಳು ಹುಟ್ಟಿದ್ದು ಅವರು ಹೋಗಿ ಎಷ್ಟೋ ವರ್ಷ ಆದ್ಮೇಲೆ, 2022ರ ಮೇ 15ಕ್ಕೆ ಅವರನ್ನ ಸಂತರು ಅಂತ ಘೋಷಿಸಿದ್ರು, ಅದೇ ದಿನ ನಮ್ಮ ಕನ್ಯಾಕುಮಾರಿ ಕಡೆಯ ದೇವಸಹಾಯಂ ಪಿಳ್ಳೆಯವರನ್ನೂ ಘೋಷಿಸಿದ್ರು, ತಿರುವಾಂಕೂರು ಅರಮನೆ ಕೆಲಸದಲ್ಲಿದ್ದು ನಂಬಿಕೆಗೋಸ್ಕರ 1752ರಲ್ಲಿ ಪ್ರಾಣ ಕೊಟ್ಟವರು. ಸಂತರನ್ನ ಘೋಷಿಸೋ ಪದ್ಧತಿ ನಮ್ಮ ಸಭೇಲಿಲ್ಲ, ಆದ್ರೂ ಗೋಧಿ ಕಾಳು ಮಣ್ಣಿಗೆ ಬಿದ್ದು ಸತ್ರೆ ಬಹಳ ಫಲ ಕೊಡುತ್ತೆ ಅಂತ ಕರ್ತ ಹೇಳಿದ್ದು ಎಲ್ಲರಿಗೂ ಒಂದೇ ತಾನೆ. ಕಾಳಿಗೆ ತನ್ನ ತೆನೆ ನೋಡೋ ಭಾಗ್ಯ ಇರಲ್ಲ.

ಕೀ ಕೊಟ್ಟ ಮೇಲೆ ಏನಾಯ್ತು ಅಂತ ಕೇಳ್ತೀರೇನೋ. ದೊಡ್ಡದೇನೂ ಆಗಲಿಲ್ಲ, ಆಕಾಶದಿಂದ ಧ್ವನಿ ಬರಲಿಲ್ಲ. ಮೊದಲ ಕೆಲವು ವಾರ ಹಿಂದಿನ ಬೆಂಚಲ್ಲಿ ಕೂರೋಕೆ ಒದ್ದಾಡ್ದೆ, ಮೈಕ್ ಕುಯ್ ಅಂದ್ರೆ ಎದ್ದು ಹೋಗಿ ಸರಿ ಮಾಡೋಣ ಅಂತ ಕಾಲು ತುಡಿಯೋದು. ಆಮೇಲೆ ನಿಧಾನಕ್ಕೆ ಪಕ್ಕದಲ್ಲಿ ಕೂತವರು ಕಾಣಿಸೋಕೆ ಶುರುವಾದ್ರು. 11 ವರ್ಷ ನಂಗೆ ಅವರು ತಲೆಗಳಾಗಿದ್ರು, ಎಷ್ಟು ಜನ ಬಂದ್ರು ಅಂತ ಎಣಿಸೋಕೆ. ಕೊನೇ ಬೆಂಚಿನ ಮೂಲೇಲಿ ಒಬ್ಬ ತಾತ ಕೂರ್ತಾರೆ, 86 ವಯಸ್ಸು, ಹೆಂಡತಿ ಹೋಗಿ ಬಹಳ ವರ್ಷ ಆಗಿದೆ, ಒಂದು ಕಿವಿ ಪೂರ್ತಿ ಹೋಗಿದೆ, ಇನ್ನೊಂದು ಅರ್ಧ. ಪಾಠ ಯಾವುದು ಅಂತ ಕೇಳಿಸದೇ ಅವರು ಸತ್ಯವೇದನ ಸುಮ್ನೆ ತೊಡೆ ಮೇಲೆ ತೆರೆದಿಟ್ಕೊಂಡು ಕೂರ್ತಿದ್ರು. ಈಗ ನಾನು ಪುಟ ತೆಗೆದು, ದಪ್ಪ ಅಕ್ಷರದ ಮೇಲೆ ಅವರ ಬೆರಳನ್ನೇ ಹಿಡಿದು ವಾಕ್ಯದ ಮೇಲೆ ಇಡ್ತೀನಿ, ಅವರು ತುಟಿ ಅಲ್ಲಾಡಿಸ್ತಾ ಓದ್ತಾರೆ. ಪಾಸ್ಟರ್ ಅಯ್ನೋರ ಪ್ರಸಂಗದಲ್ಲಿ ಮುಖ್ಯವಾದ ಎರಡು ಮಾತನ್ನ ಕಿವೀಲಿ ಹೇಳ್ತೀನಿ. ಆ ಒರಟು ಬೆರಳು ಹಿಡ್ಕೊಂಡು ಕೂತಾಗ ದೇವರು ಎಷ್ಟು ಹತ್ತಿರ ಅನ್ಸುತ್ತೆ ಅಂದ್ರೆ, ಬೆಳ್ಳಿ ಬಟ್ಟಲು ಹಿಡ್ಕೊಂಡು ವೇದಿಕೆ ಹತ್ರ ಓಡಾಡ್ತಿದ್ದಾಗ ಅಷ್ಟು ಹತ್ತಿರ ಒಂದು ದಿನವೂ ಅನ್ಸಿರಲಿಲ್ಲ. ಯಾಕೋಬನ ಪತ್ರಿಕೆ 4ರಲ್ಲಿ ಮೊದಲು ದೇವರಿಗೆ ಅಧೀನರಾಗಿ ಅಂತ ಇದೆ, ಅದಾದ್ಮೇಲೆ ದೇವರ ಹತ್ತಿರಕ್ಕೆ ಬನ್ನಿ, ಅವನೂ ನಿಮ್ಮ ಹತ್ತಿರಕ್ಕೆ ಬರ್ತಾನೆ ಅಂತ ಇದೆ. ನಾನು ಎರಡನೇದನ್ನ ಬಾಯಿಪಾಠ ಮಾಡಿ ಮೊದಲನೇದನ್ನ ಹಾರಿಸಿಬಿಟ್ಟಿದ್ದೆ.

ಈ ಬರೋ ಜನವರಿ ಆದ್ಮೇಲೆ ಸಮಿತಿಗೆ ಮತ್ತೆ ಚುನಾವಣೆ ಇದೆ. ಕೆಲವರು ಮನೆಗೆ ಬಂದು ಅಣ್ಣಾ ನೀವು ನಿಂತ್ಕೊಳ್ಳಿ, ಈ ಸಲ ಗೆಲ್ತೀರ ಅಂತಿದಾರೆ. ಆಸೆ ಇಲ್ಲ ಅಂದ್ರೆ ಸುಳ್ಳಾಗುತ್ತೆ, ಅವರು ಹೋದ್ಮೇಲೆ ರಾತ್ರಿ ನಿದ್ದೆ ಬರಲಿಲ್ಲ. ಬೆಳಗ್ಗೆ ಕಾಫಿ ಕೊಡುವಾಗ ನಮ್ಮನೆಯವಳನ್ನ ಕೇಳ್ದೆ, ಏನು ಮಾಡ್ಲಿ ಹೇಳು ಅಂತ. "ನಿಮಗೆ ಬೇಕಾ, ದೇವರಿಗೆ ಬೇಕಾ, ಅದನ್ನ ಮೊದ್ಲು ಅವನ ಹತ್ರನೇ ಕೇಳ್ಕೊಂಡು ಬನ್ರೀ" ಅಂದ್ಳು. ಕೇಳ್ತಾ ಇದೀನಿ, ಇನ್ನೂ ಉತ್ತರ ಬಂದಿಲ್ಲ. ನಾಮಿನೇಷನ್ ಫಾರಂ ಟೇಬಲ್ ಮೇಲೆ ಸತ್ಯವೇದದ ಪಕ್ಕದಲ್ಲೇ ಇದೆ, ತುಂಬಿಲ್ಲ, ಹರಿದೂ ಇಲ್ಲ.

ಇಂತಿ ನಿಮ್ಮ ಓದುಗ,
ಲಿಂಗರಾಜಪುರ, ಬೆಂಗಳೂರು