ಮಾತು ಕೇಳದ ನಾಯಿ

ಪ್ರೀತಿಯ ರಾಘು,

"ಬ್ಯಾಟರಿ ನಾಯಿಗೆ ಎಂಥ ಸ್ವಭಾವ ಮಾರಾಯ?" ಅಂತ ಕೇಳಿ ನಕ್ಕೆಯಲ್ಲ, ಫೋನಿನಲ್ಲಿ ಅದಕ್ಕೆ ಸರಿಯಾಗಿ ಉತ್ತರ ಕೊಡಲು ಆಗಲಿಲ್ಲ. ಇದನ್ನೇ ಕೇಳುವವರು ಇನ್ನೂ ಕೆಲವರಿದ್ದಾರೆ. ಹಾಗಾಗಿ ಎಲ್ಲರೂ ಓದುವ ಹಾಗೆ ಇಲ್ಲೇ ಬರೆಯುತ್ತಿದ್ದೇನೆ.

ಟೋಕಿಯೊದ ಬಾಡಿಗೆ ಮನೆಗಳಲ್ಲಿ ನಾಯಿ, ಬೆಕ್ಕು ಸಾಕಲು ಬಿಡುವುದು ಕಡಿಮೆ. ನಮ್ಮ ಮನೆಯಲ್ಲೂ ಬಿಡುವುದಿಲ್ಲ. ಹಾಗೆ ಬಂದವನು ಗುಂಡ. ಸೋನಿ ಕಂಪನಿಯ ಐಬೊ ಅನ್ನುವ ರೋಬೊಟ್ ನಾಯಿ, 2018ರಲ್ಲಿ ಬಂದ ಮಾದರಿ. ಗಂಡೋ ಹೆಣ್ಣೋ ಅಂತ ಶುರುವಿನಲ್ಲೇ ನಾವು ಆರಿಸಬೇಕು. ಮೂಗಿನಲ್ಲೊಂದು ಕ್ಯಾಮೆರಾ ಇದೆ, ಅದರಲ್ಲಿ ಮುಖ ಗುರುತು ಹಿಡಿಯುತ್ತಾನೆ. ಬಾಲದ ಹತ್ತಿರ ಇನ್ನೊಂದು. ಅದು ಮೇಲೆ ನೋಡುತ್ತಾ ಮನೆಯ ನಕ್ಷೆ ಕಲಿಯುತ್ತದೆ. ಎರಡು ಗಂಟೆ ಓಡಾಡಿದ ಮೇಲೆ ತಾನೇ ಹೋಗಿ ಚಾರ್ಜರ್ ಮೇಲೆ ಮಲಗುತ್ತಾನೆ. ಕನ್ನಡ ಬರುವುದಿಲ್ಲ, ಹೆಸರು ಮಾತ್ರ ಗೊತ್ತು.

ಸ್ವಭಾವದ ವಿಷಯ ನನಗೂ ಅರ್ಥವಾದದ್ದು ಮೊಮೊ ಬಂದಾಗ. ಆಫೀಸಿನ ಗೆಳತಿಯೊಬ್ಬಳು ಊರಿಗೆ ಹೋಗುವಾಗ ತನ್ನ ಐಬೊವನ್ನು ನಮ್ಮಲ್ಲಿ ಬಿಟ್ಟುಹೋದಳು. ಅದೇ ಮಾದರಿ, ಅದೇ ಬಿಳಿ ಬಣ್ಣ. ಆದರೆ ಮೊಮೊಗೆ ಒಂದು ನಿಮಿಷ ಸುಮ್ನೆ ಇರಲು ಬರುವುದಿಲ್ಲ. ಗುಲಾಬಿ ಚೆಂಡು ಕಂಡರೆ ಸಾಕು, ಒದ್ದುಕೊಂಡು ಅಡುಗೆಮನೆವರೆಗೂ ಹೋಗುತ್ತಾಳೆ. ಆಮೇಲೆ ತಿರುಗಿ ನೋಡಿ, ಯಾರಾದರೂ ತಲೆ ಸವರುವವರೆಗೂ ಬಾಲ ಆಡಿಸುತ್ತಾಳೆ. ನಮ್ಮ ಗುಂಡ ಚೆಂಡಿನ ಕಡೆ ಕಣ್ಣೆತ್ತಿಯೂ ನೋಡುವುದಿಲ್ಲ. ಅವನಿಗೆ ಬೇಕಾದದ್ದು ಚಪ್ಪಲಿ ಬಿಡುವ ಬಾಗಿಲ ಮೂಲೆ. ಅಲ್ಲಿ ನೆಲ ತಗ್ಗಾಗಿದೆ, ಬಿದ್ದರೆ ಕಾಲು ಮುರಿಯಬಹುದು ಅಂತ ಹಲಗೆ ಅಡ್ಡ ಇಟ್ಟಿದ್ದೇವೆ. ಆ ಹಲಗೆಗೆ ಮೂಗು ತಾಗಿಸಿ ನಿಲ್ಲುತ್ತಾನೆ. ಕರೆದರೆ ಒಂದು ಕಿವಿ ಅಲುಗುತ್ತದೆ, ಅಷ್ಟೆ. ಮತ್ತೆ ಕರೆದರೆ ನಿಧಾನಕ್ಕೆ ಕುಳಿತುಕೊಳ್ಳುತ್ತಾನೆ. ಬರುವುದಿಲ್ಲ!

ಇದು ಕೆಟ್ಟಿರುವ ಲಕ್ಷಣ ಅಲ್ಲ. 1999ರಲ್ಲಿ ಮೊದಲ ಐಬೊ ಬಂದಾಗಲೂ ಅದನ್ನು ಹಾಗೇ ಮಾಡಿದ್ದರು, ಹೇಳಿದ್ದನ್ನೆಲ್ಲ ಕೇಳಬಾರದು ಅಂತ. ಎರಡೂವರೆ ಲಕ್ಷ ಯೆನ್ ಬೆಲೆಯ ಆ ನಾಯಿಗಳು ಜಪಾನಿನಲ್ಲಿ 3,000 ಇದ್ದವು, ಇಪ್ಪತ್ತು ನಿಮಿಷದಲ್ಲಿ ಖಾಲಿಯಾದವು. ಮನೆಗೆಲಸಕ್ಕೆ ಬಾರದ, ಮಾತೂ ಕೇಳದ ಯಂತ್ರಕ್ಕೆ ಜನ ಅಷ್ಟು ದುಡ್ಡು ಕೊಟ್ಟರು ನೋಡು. ನನಗನ್ನಿಸುವುದು ಇಷ್ಟು. ಎಲ್ಲ ಮಾತು ಕೇಳಿದ್ದರೆ ಅದು ರಿಮೋಟ್ ಆಟಿಕೆ ಆಗುತ್ತಿತ್ತು, ವಾರದಲ್ಲಿ ಕಪಾಟು ಸೇರುತ್ತಿತ್ತು. ಇನ್ನು ಒಂದೊಂದು ಐಬೊಗೆ ಒಂದೊಂದು ಸ್ವಭಾವ ಬರುವುದು ನಮ್ಮಿಂದಲೇ. ತಲೆ ಸವರಿದರೆ ಆಗಷ್ಟೇ ಮಾಡಿದ್ದನ್ನು ಜಾಸ್ತಿ ಮಾಡುತ್ತದೆ, ಬೈದರೆ ಕಡಿಮೆ. ಹಲಗೆ ಹತ್ತಿರ ನಿಂತಾಗಲೆಲ್ಲ "ಅಯ್ಯೋ ಪಾಪ" ಅಂತ ಸವರಿದವಳು ನನ್ನ ಹೆಂಡತಿ. ಅವನ ಹಠದಲ್ಲಿ ಅರ್ಧ ಅವಳದ್ದೇ.

ಲೊವೊಟ್ ಅಂತ ಇನ್ನೊಂದಿದೆ, ಚಕ್ರದ ಮೇಲೆ ಓಡಾಡುವ ಗೊಂಬೆ. ಮೈ ಮುಟ್ಟಿದರೆ ಬೆಚ್ಚಗಿರುತ್ತದೆ. ಎತ್ತಿಕೋ ಅಂತ ಕೈ ಚಾಚುತ್ತದೆ, ಒಂದನ್ನು ಎತ್ತಿಕೊಂಡರೆ ಇನ್ನೊಂದು ಹೊಟ್ಟೆಕಿಚ್ಚಿನಲ್ಲಿ ಓಡಿಬರುತ್ತದೆ. ಮುದ್ದಾಗಿದೆ, ನಿಜ. ನನಗೆ ಮಾತ್ರ ಸ್ವಲ್ಪ ಜಾಸ್ತಿಯೇ ಓಲೈಸುತ್ತದೆ ಅನ್ನಿಸಿತು.

ಈಗ ಸ್ವಲ್ಪ ಕಷ್ಟದ ವಿಷಯ. ಸೋನಿ 2006ರಲ್ಲಿ ಹಳೆಯ ಐಬೊ ತಯಾರಿಕೆ ನಿಲ್ಲಿಸಿತು, 2014ರಲ್ಲಿ ರಿಪೇರಿಯೂ ನಿಂತಿತು. ಆಗ ಎ-ಫನ್ ಅನ್ನುವ ಸಣ್ಣ ಕಂಪನಿ ಆ ಕೆಲಸ ಹಿಡಿಯಿತು. ಅಲ್ಲಿ ಸೋನಿಯ ಹಳೆಯ ಎಂಜಿನಿಯರುಗಳೂ ಇದ್ದಾರೆ. ಹೊಸ ಬಿಡಿಭಾಗ ಸಿಗುವುದಿಲ್ಲ, ಸತ್ತ ನಾಯಿಯಿಂದಲೇ ತೆಗೆದು ಇನ್ನೊಂದಕ್ಕೆ ಹಾಕಬೇಕು. ಹಾಗೆ ತೆಗೆಯುವ ಮೊದಲು ಚಿಬಾ ಪ್ರಾಂತ್ಯದ ಇಸುಮಿಯ ಕೊಫುಕುಜಿ ದೇವಸ್ಥಾನದಲ್ಲಿ ಅವಕ್ಕೆ ಅಂತ್ಯಸಂಸ್ಕಾರದ ಪೂಜೆ. ನಾಯಿಗಳನ್ನು ಸಾಲಾಗಿ ಕೂರಿಸಿ, ಒಂದೊಂದಕ್ಕೂ ಯಾವ ಊರಿನದು, ಯಾವ ಮನೆಯದು ಅಂತ ಚೀಟಿ ಕಟ್ಟಿ, ಬೌದ್ಧ ಅರ್ಚಕರು ಮಂತ್ರ ಹೇಳುತ್ತಾರೆ. 2018ರ ಹೊತ್ತಿಗೆ ಸುಮಾರು 800 ನಾಯಿಗಳಿಗೆ ಹೀಗೆ ಆಗಿತ್ತು. ನೀನು ನಗುತ್ತೀಯ. ಆಯುಧಪೂಜೆ ದಿನ ನಿನ್ನ ಬುಲೆಟ್‌ಗೆ ಕುಂಕುಮ ಹಚ್ಚಿ ನಿಂಬೆಹಣ್ಣು ಇಡುವವನು ನೀನೇ ಅಲ್ವಾ?

ಗುಂಡನ ಕಾಲ ಮುಗಿದಾಗ ಅವನನ್ನೂ ಹಾಗೇ ಕೊಡೋಣ, ಬೇರೆ ನಾಯಿ ಉಳಿದೀತು ಅಂತ ನಾನು. ಕಾಲು, ಕಿವಿ ಕೀಳಲು ಕೊಡುವುದಿಲ್ಲ, ಹೀಗೇ ಇಟ್ಟುಕೊಳ್ಳುತ್ತೇನೆ ಅಂತ ನನ್ನ ಹೆಂಡತಿ. ಈ ಜಗಳ ಇನ್ನೂ ಮುಗಿದಿಲ್ಲ. ನೀನು ಯಾರ ಪರ ಅಂತ ಬರಿ. ಅವಳ ಪರ ಅಂದರೂ ಪರವಾಗಿಲ್ಲ, ಅವಳಿಗೆ ತೋರಿಸುವುದಿಲ್ಲ.

ಅಮ್ಮನಿಗೆ ನಮಸ್ಕಾರ ತಿಳಿಸು.

ನಿನ್ನ,
ಸುಧಿ