ವಾಷಿಂಗ್ಟನ್ ಆಡದ ಮಾತನ್ನು ವಾಪಸು ತೆಗೆದುಕೊಳ್ಳಿ: ವರ್ಜೀನಿಯಾದ ನಮ್ಮ ಕ್ಷೇತ್ರದ ಶಾಸಕರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಶಾಸಕರೇ,

ಇದು ನಾನು ತಮಗೆ ಬರೆಯುತ್ತಿರುವ ನಾಲ್ಕನೆಯ ಪತ್ರ. ಮೊದಲ ಮೂರನ್ನು ಇಂಗ್ಲಿಷಿನಲ್ಲಿ ಬರೆದೆ. ಮೂರಕ್ಕೂ ಒಂದೇ ಉತ್ತರ ಬಂತು, ಅಕ್ಷರವೂ ಬದಲಾಗಿರಲಿಲ್ಲ: ನಿಮ್ಮ ಅಭಿಪ್ರಾಯ ತಿಳಿಸಿದ್ದಕ್ಕೆ ಧನ್ಯವಾದ. ನಾನು ತಿಳಿಸಿದ್ದು ಅಭಿಪ್ರಾಯವಲ್ಲ. ತಮ್ಮ ಕರಪತ್ರದಲ್ಲಿ ಒಂದು ಸುಳ್ಳು ಅಚ್ಚಾಗಿದೆ, ಅದನ್ನು ತಿದ್ದಿ ಎಂದು ಕೇಳಿದ್ದೆ. ಈ ಸಲ ಕನ್ನಡದಲ್ಲಿ ಬರೆಯುತ್ತಿದ್ದೇನೆ. ತಮ್ಮ ಕ್ಷೇತ್ರದಲ್ಲಿ ಕನ್ನಡ ಓದುವ ಮತದಾರರಿದ್ದಾರೆ. ಯುಗಾದಿಗೂ ದೀಪಾವಳಿಗೂ ತಾವು ಬಂದು ಕೈಮುಗಿಯುವುದು ಅವರಿಗೇ. ಅವರಾದರೂ ಓದಲಿ. ಇಂಗ್ಲಿಷ್ ಪ್ರತಿ ತಮ್ಮ ಕಚೇರಿಗೆ ಬೇರೆಯಾಗಿ ತಲುಪುತ್ತದೆ.

ಕಳೆದ ಚುನಾವಣೆಗೆ ಮುನ್ನ ಆ ಕರಪತ್ರ ನಮ್ಮ ಅಂಚೆಪೆಟ್ಟಿಗೆಗೆ ಬಿತ್ತು. ಹೊಳಪು ಕಾಗದ, ಮೇಲೆ ಜಾರ್ಜ್ ವಾಷಿಂಗ್ಟನ್ ಅವರ ಚಿತ್ರ, ಕೆಳಗೆ ಅವರ ಮಾತೆಂದು ದಪ್ಪ ಅಕ್ಷರಗಳು. ಸ್ವತಂತ್ರ ಜನ ಶಸ್ತ್ರಸಜ್ಜಿತರೂ ಶಿಸ್ತುಳ್ಳವರೂ ಆಗಿದ್ದರೆ ಸಾಲದು, ತಮ್ಮ ಮೇಲೆ ದಬ್ಬಾಳಿಕೆ ಮಾಡಬಹುದಾದ ಯಾರೇ ಆಗಲಿ, ತಮ್ಮದೇ ಸರಕಾರವಾಗಲಿ, ಅವರನ್ನು ಎದುರಿಸುವಷ್ಟು ಕೋವಿ, ಮದ್ದುಗುಂಡು ಇಟ್ಟುಕೊಂಡಿರಬೇಕು ಎಂಬುದು ಅದರ ಸಾರ.

ಆಗ ಎಂಟನೆಯ ತರಗತಿಯಲ್ಲಿದ್ದ ನನ್ನ ಮಗಳು ಅದನ್ನು ತನ್ನ ಪ್ರಬಂಧದ ಮೊದಲ ಸಾಲಾಗಿ ಬರೆದಳು. ಪ್ರಬಂಧ ವಾಪಸು ಬಂದಾಗ ಆ ಸಾಲಿನ ಕೆಳಗೆ ಕೆಂಪು ಗೆರೆ, ಪಕ್ಕದಲ್ಲಿ 'ಮೂಲ ಎಲ್ಲಿದೆ?' ಎಂಬ ಪ್ರಶ್ನೆ. ಅಂಕವೂ ಹೋಯಿತು. "ಶಾಸಕರೇ ಅಚ್ಚು ಹಾಕಿಸಿದ್ದಾರಲ್ಲ ಅಪ್ಪ, ಅವರಿಗೆ ಗೊತ್ತಿರುವುದಿಲ್ಲವೇ?" ಎಂದು ಕೇಳಿದಳು. ಗೊತ್ತಿರುತ್ತದೆ ಎಂದೇ ನಾನೂ ನಂಬಿದ್ದೆ. ಎರಡು ಶನಿವಾರ ಗ್ರಂಥಾಲಯದ ಮೇಜಿನ ಮುಂದೆ ಕುಳಿತು ಮೂಲ ಹುಡುಕಿದೆವು.

ಮೂಲ ಸಿಕ್ಕಿತು. 1790ರ ಜನವರಿ 8ರಂದು ವಾಷಿಂಗ್ಟನ್ ಅಮೆರಿಕದ ಸಂಸತ್ತಾದ ಕಾಂಗ್ರೆಸ್ಸಿನ ಮುಂದೆ ಮಾಡಿದ ಮೊದಲ ವಾರ್ಷಿಕ ಭಾಷಣ ಅದು. ಸ್ವತಂತ್ರ ಜನ ಶಸ್ತ್ರಸಜ್ಜಿತರೂ ಶಿಸ್ತುಳ್ಳವರೂ ಆಗಿರಬೇಕು ಎಂಬಲ್ಲಿಯವರೆಗೆ ನಿಜ. ಅಲ್ಲಿಂದ ಮುಂದೆ ಅವರು ಹೇಳಿದ್ದು ಬೇರೆಯೇ: ಅದಕ್ಕಾಗಿ ಏಕರೂಪದ, ಚೆನ್ನಾಗಿ ಆಲೋಚಿಸಿದ ಯೋಜನೆ ಬೇಕು, ಸೇನಾ ಸಾಮಗ್ರಿಗೆ ಬೇರೆಯವರ ಮುಖ ನೋಡದಂತೆ ಕಾರ್ಖಾನೆಗಳನ್ನು ಬೆಳೆಸಬೇಕು. 'ತಮ್ಮದೇ ಸರಕಾರ' ಎಂಬ ಮಾತು ಅಲ್ಲಿ ಇಲ್ಲವೇ ಇಲ್ಲ. ನಿಜವಾದ ತಲೆಗೆ ಯಾರೋ ಸುಳ್ಳಿನ ಬಾಲ ಹೊಲಿದಿದ್ದಾರೆ. ವಾಷಿಂಗ್ಟನ್ ಅವರ ಮನೆಯನ್ನು ಕಾಪಾಡಿಕೊಂಡು ಬಂದಿರುವ ಮೌಂಟ್ ವರ್ನನ್ ಸಂಸ್ಥೆಯೇ ಇದನ್ನು ಸುಳ್ಳು ಉಕ್ತಿಗಳ ಸಾಲಿಗೆ ಸೇರಿಸಿದೆ. 1794ರಲ್ಲಿ ಪೆನ್ಸಿಲ್ವೇನಿಯಾದ ರೈತರು ವಿಸ್ಕಿ ತೆರಿಗೆಯ ವಿರುದ್ಧ ಕೋವಿ ಹಿಡಿದಾಗ ಸುಮಾರು 13,000 ಜನರ ಪಡೆ ಕಟ್ಟಿಕೊಂಡು ಅವರ ಮೇಲೆ ಹೊರಟವರು ಇದೇ ವಾಷಿಂಗ್ಟನ್. ಅವರ ಬಾಯಿಗೆ ಈ ಮಾತನ್ನು ತುರುಕುವುದು ಅನ್ಯಾಯ. ತೆಗೆಯಿರಿ.

ತೆಗೆಯಿರಿ ಎಂದು ಕೇಳಲೆಂದೇ ತಮ್ಮ ಸಾರ್ವಜನಿಕ ಸಭೆಗೆ ಬಂದೆ. ಎರಡು ಗಂಟೆ ಸಾಲಿನಲ್ಲಿ ನಿಂತೆ, ಒಂದು ನಿಮಿಷ ಮೈಕ್ ಸಿಕ್ಕಿತು. ಭಾಷಣದ ಪ್ರತಿ ನನ್ನ ಕೈಯಲ್ಲಿತ್ತು, ಮಗಳು ಪಕ್ಕದಲ್ಲಿದ್ದಳು. ತಾವು ಕಾಗದದತ್ತ ನೋಡಲೂ ಇಲ್ಲ. ಭಾವನೆ ಸರಿಯಾಗಿದೆ, ಯಾರು ಹೇಳಿದರೆ ಏನಂತೆ ಎಂದಿರಿ. ಜನ ಚಪ್ಪಾಳೆ ತಟ್ಟಿದರು. ಆಮೇಲೆ ನನ್ನ ಮುಖ ನೋಡಿ, ನಿಮ್ಮ ಗಾಂಧಿಯೇ ಕೋವಿ ಬೇಕು ಎಂದಿದ್ದರಲ್ಲ ಎಂದಿರಿ. ಮತ್ತೆ ಚಪ್ಪಾಳೆ. ಅಷ್ಟರಲ್ಲಿ ಮೈಕ್ ಮುಂದಿನವರ ಕೈಗೆ ಹೋಯಿತು.

ಅಂದು ಕೊಡಲಾಗದ ಉತ್ತರ ಇದು. ಇಡೀ ರಾಷ್ಟ್ರವನ್ನು ನಿರಾಯುಧಗೊಳಿಸಿದ ಕಾಯಿದೆ ಬ್ರಿಟಿಷರ ಕೃತ್ಯಗಳಲ್ಲೆಲ್ಲ ಅತಿ ಕರಾಳವಾದದ್ದು ಎಂಬ ಅರ್ಥದ ವಾಕ್ಯ ಗಾಂಧೀಜಿಯವರ ಆತ್ಮಕಥೆಯಲ್ಲಿ ಇದೆ, ಒಪ್ಪುತ್ತೇನೆ. ಆದರೆ ಅದು 1918ರಲ್ಲಿ ಖೇಡಾ ಜಿಲ್ಲೆಯಲ್ಲಿ ಅವರು ಸೈನ್ಯಕ್ಕೆ ಜನ ಸೇರಿಸುತ್ತಿದ್ದಾಗ ಹಂಚಿದ ಕರಪತ್ರದ ಮಾತು. ಸರಕಾರದ ಕಷ್ಟಕಾಲದಲ್ಲಿ ತಾವಾಗಿ ನೆರವಾಗಿ, ಅಪನಂಬಿಕೆ ಹೋಗುತ್ತದೆ, ನಿಷೇಧವೂ ಹೋಗುತ್ತದೆ ಎಂದು ಮುಂದಿನ ವಾಕ್ಯಗಳು ಹೇಳುತ್ತವೆ. ಸರಕಾರದ ಸೈನ್ಯ ಸೇರಿ ಎಂದು ಕರೆದ ಮಾತನ್ನು ಸರಕಾರದ ವಿರುದ್ಧ ಕೋವಿ ಇಟ್ಟುಕೊಳ್ಳಿ ಎಂಬುದಕ್ಕೆ ಸಾಕ್ಷಿಯಾಗಿ ನಿಲ್ಲಿಸಿದ್ದೀರಿ.

ನಾನು ಕೋವಿಯ ವೈರಿ ಎಂದು ತಾವು ತಿಳಿದಿರಬಹುದು. ನಾನು ಕೊಡಗಿನವನು. ಪರವಾನಗಿ ಇಲ್ಲದೆ ಕೋವಿ ಇಟ್ಟುಕೊಳ್ಳಲು 1861ರಲ್ಲಿ ಬ್ರಿಟಿಷರು ಕೊಡವರಿಗೆ ಕೊಟ್ಟ ವಿನಾಯಿತಿ ಸ್ವತಂತ್ರ ಭಾರತದಲ್ಲೂ ಮುಂದುವರಿದಿದೆ, ಈಗ 2029ರವರೆಗೆ. ಕೈಲ್ ಪೊಳ್ದ್ ಹಬ್ಬದ ದಿನ ನಮ್ಮ ಅಜ್ಜ ಕೋವಿಗೆ ಎಣ್ಣೆ ಒರೆಸಿ, ನಡುಮನೆಯ ದೀಪದ ಕೆಳಗೆ ಇಟ್ಟು, ಕೆಂಪು ಹಳದಿಯ ತೋಕ್ ಪೂವನ್ನು ಅದರ ಮೂತಿಗೆ ಸಿಕ್ಕಿಸುತ್ತಿದ್ದರು. ಅಂದು ಮಕ್ಕಳಾದ ನಾವು ಅದನ್ನು ದಾಟಿ ನಡೆಯುವಂತಿರಲಿಲ್ಲ. ಅಜ್ಜ ತೀರಿಕೊಂಡಾಗ ಅಂಗಳದಲ್ಲಿ ಹಾರಿದ ಎರಡು ಗುಂಡೇ ಊರಿಗೆ ಸುದ್ದಿ ಮುಟ್ಟಿಸಿದ್ದು. ಕೋವಿಯನ್ನು ಗೌರವಿಸುವುದು ಹೇಗೆಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಸತ್ತವರ ಮಾತನ್ನೂ ಹಾಗೆಯೇ ಗೌರವಿಸಿ ಎಂದು ಕೇಳುತ್ತಿದ್ದೇನೆ.

ತಮ್ಮ ವಾದಕ್ಕೆ ಸುಳ್ಳಿನ ಆಸರೆ ಬೇಕಾಗಿಯೂ ಇಲ್ಲ. ಶಸ್ತ್ರ ಇಟ್ಟುಕೊಳ್ಳುವ ಹಕ್ಕನ್ನು ಕಾಪಾಡುವ ಎರಡನೆಯ ತಿದ್ದುಪಡಿ 1791ರಿಂದ ಅಮೆರಿಕದ ಸಂವಿಧಾನದಲ್ಲಿದೆ. 2008ರ ಹೆಲ್ಲರ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಅದು ವ್ಯಕ್ತಿಯ ಹಕ್ಕು ಎಂದಿದೆ. ಅವೆರಡನ್ನು ಹಿಡಿದು ವಾದಿಸಿ, ಕೇಳುತ್ತೇವೆ. ಅದನ್ನು ಬಿಟ್ಟು ತಮ್ಮ ಜಾಲತಾಣದಲ್ಲಿ ಅಮೆರಿಕದ ಮೂರನೆಯ ಅಧ್ಯಕ್ಷ ಥಾಮಸ್ ಜೆಫರ್ಸನ್ ಹೆಸರಿನಡಿ ಇನ್ನೊಂದನ್ನು ಹಾಕಿದ್ದೀರಿ: ಕೋವಿ ಒಯ್ಯುವುದನ್ನು ನಿಷೇಧಿಸುವ ಕಾನೂನು ಅಪರಾಧ ಮಾಡುವ ಮನಸ್ಸಿಲ್ಲದವರನ್ನು ಮಾತ್ರ ನಿರಾಯುಧರನ್ನಾಗಿಸುತ್ತದೆ ಎಂಬುದು. ಅದು ಇಟಲಿಯ ಚೆಸಾರೆ ಬೆಕ್ಕಾರಿಯಾ 1764ರಲ್ಲಿ ಬರೆದದ್ದು. ಜೆಫರ್ಸನ್ ಅದನ್ನು ತಮ್ಮ ಟಿಪ್ಪಣಿ ಪುಸ್ತಕಕ್ಕೆ ಇಳಿಸಿಕೊಂಡಿದ್ದರು, ಅದೂ ಇಟಾಲಿಯನ್ ಭಾಷೆಯಲ್ಲೇ. ನಕಲು ಮಾಡಿಕೊಂಡವನು ಬರೆದವನಾಗುವುದಿಲ್ಲ. ಅದನ್ನೂ ತಿದ್ದಿ.

2007ರ ಏಪ್ರಿಲ್ 16ರಂದು ಇದೇ ರಾಜ್ಯದ ವರ್ಜೀನಿಯಾ ಟೆಕ್ ವಿಶ್ವವಿದ್ಯಾಲಯದಲ್ಲಿ 32 ಜನ ಗುಂಡಿಗೆ ಬಲಿಯಾದರು. ಇಲ್ಲಿ ಕೋವಿಯ ಬಗ್ಗೆ ಆಡುವ ಪ್ರತಿ ಮಾತನ್ನೂ ಮಕ್ಕಳನ್ನು ಕಳೆದುಕೊಂಡ ತಂದೆತಾಯಂದಿರು ಕೇಳಿಸಿಕೊಳ್ಳುತ್ತಾರೆ. ಅವರ ಮುಂದೆ ನಿಂತು ಯಾರು ಹೇಳಿದರೆ ಏನಂತೆ ಎನ್ನಲು ತಮಗೆ ಬಾಯಿ ಬಂದೀತೇ? ನನಗಂತೂ ಬರುವುದಿಲ್ಲ.

ನಾನು ಕೇಳುತ್ತಿರುವುದು ಮೊದಲ ಪತ್ರದಲ್ಲಿ ಕೇಳಿದ್ದನ್ನೇ. ವಾಷಿಂಗ್ಟನ್ ಅವರ ಹೆಸರಿನಲ್ಲಿರುವ ಆ ಮಾತನ್ನು ತೆಗೆಯಿರಿ. ಜೆಫರ್ಸನ್ ಅವರ ಹೆಸರನ್ನು ತಿದ್ದಿ. ಮುಂದಿನ ಕರಪತ್ರದಲ್ಲಿ, ಸುಳ್ಳು ಅಚ್ಚಾದಷ್ಟೇ ದಪ್ಪ ಅಕ್ಷರಗಳಲ್ಲಿ, ತಪ್ಪಾಗಿತ್ತು ಎಂದು ಅಚ್ಚು ಹಾಕಿಸಿ. ಜನವರಿಯಲ್ಲಿ ರಿಚ್‌ಮಂಡ್‌ನಲ್ಲಿ ಅಧಿವೇಶನ ಶುರುವಾಗುವ ಮುನ್ನ ಇದಾಗಬೇಕು. ಧನ್ಯವಾದ ಪತ್ರ ಕಳಿಸಬೇಡಿ, ಅದು ಮೂರು ಇವೆ.

ಮಗಳು ಈಗ ಒಂಬತ್ತನೆಯ ತರಗತಿ. ಶಾಲೆಯಿಂದ ಬರುವಾಗ ಅಂಚೆಪೆಟ್ಟಿಗೆ ತೆರೆದು ನೋಡುವವಳು ಅವಳೇ.

ಇತಿ,
ತಮ್ಮ ಕ್ಷೇತ್ರದ ಒಬ್ಬ ಮತದಾರ