ದೋಣಿಯಣ್ಣ, ಸೈಕಲ್ ಅಂಗಡಿಯವರು, ನಮ್ಮ ಅತ್ತೆ ಮತ್ತು ಉಳಿದವರಿಗೆ

ಊರಿಗೆ ಬಂದು ಮೂರು ವಾರ ಆಯ್ತು. ಕಾಲಿನ ಎರಡು ಉಗುರು ಇನ್ನೂ ಕಪ್ಪಗಿವೆ. ಫೋನ್ ಮಾಡಿದವರಿಗೆಲ್ಲ "ಹೂಂ, ಮುಗಿಸಿದೆ, ಥ್ಯಾಂಕ್ಸ್" ಅಂತ ಹೇಳಿ ಇಟ್ಟುಬಿಟ್ಟಿದ್ದೇನೆ. ಅಷ್ಟು ಸಾಲದು ಅಂತ ಮನಸ್ಸು ಹೇಳ್ತಾನೇ ಇತ್ತು. ಅದಕ್ಕೇ ಇವತ್ತು ಮಕ್ಕಳ ಪೇಪರ್ ತಿದ್ದೋದನ್ನು ಬದಿಗಿಟ್ಟು ಬರೆಯೋಕೆ ಕೂತಿದ್ದೇನೆ.

ಗೊತ್ತಿಲ್ಲದವರಿಗೆ ಹೇಳ್ತೇನೆ. ನಾನು ಕಾರವಾರದಲ್ಲಿ ಶಾಲೆ ಅಕ್ಕೋರು, ವಯಸ್ಸು 43. ಡಿಸೆಂಬರಿನ ಮೊದಲ ಭಾನುವಾರ ಪಶ್ಚಿಮ ಆಸ್ಟ್ರೇಲಿಯಾದ ಬಸೆಲ್ಟನ್ ಅನ್ನೋ ಊರಿನಲ್ಲಿ ಐರನ್‌ಮ್ಯಾನ್ ಮುಗಿಸಿ ಬಂದೆ. ಸಮುದ್ರದಲ್ಲಿ 3.8 ಕಿ.ಮೀ. ಈಜು, ಎದ್ದು ಬಂದು 180 ಕಿ.ಮೀ. ಸೈಕಲ್, ಇಳಿದು 42.2 ಕಿ.ಮೀ. ಓಟ. ಎಲ್ಲಾ ಒಂದೇ ದಿನ, 17 ಗಂಟೆಯೊಳಗೆ. ನನಗೆ 15 ಗಂಟೆ 48 ನಿಮಿಷ ಹಿಡಿಯಿತು. 1978ರಲ್ಲಿ ಹವಾಯಿಯಲ್ಲಿ ಇದು ಮೊದಲ ಸಲ ನಡೆದಾಗ 15 ಜನ ಹೊರಟು 12 ಜನ ಮುಗಿಸಿದ್ದರು. ಮುಗಿಸದ ಆ ಮೂವರ ಮೇಲೆ ನನಗೆ ಮೊದಲಿಂದಲೂ ಒಂಥರಾ ಪ್ರೀತಿ, ಯಾಕೆಂದರೆ ನಾನು ಸೇರೋದು ಅವರ ಗುಂಪಿಗೇ ಅಂತ ಅಂದುಕೊಂಡಿದ್ದೆ.

ಮೊದಲು ದೋಣಿಯಣ್ಣ. ನಮ್ಮ ಮೀನುಗಾರಿಕೆ ಬಂದರು ಬೈತಖೋಲದವರು. ಹೆಸರು ಹಾಕಬೇಡಿ ಅಂದಿದ್ದಾರೆ. ಎರಡು ವರ್ಷದ ಹಿಂದೆ ಟ್ಯಾಗೋರ್ ಬೀಚಿನಲ್ಲಿ ನಾನೊಬ್ಬಳೇ ಈಜ್ತಾ ಇದ್ದಾಗ ದಂಡೆಯಿಂದ ಬೈದವರು ಅವರು. "ಅಕ್ಕೋರೆ, ಒಬ್ರೇ ಹೋಗೂದು ಬೇಡ. ನಾ ಪಾತಿ ದೋಣಿ ತರ್ತೆ." ಆವತ್ತಿಂದ ಮಳೆಗಾಲ ಬಿಟ್ಟು ಉಳಿದ ತಿಂಗಳೆಲ್ಲ ವಾರಕ್ಕೆರಡು ಬೆಳಿಗ್ಗೆ ಅವರು ಬಲೆ ಬಿಟ್ಟು ನನ್ನ ಪಕ್ಕ ಹುಟ್ಟು ಹಾಕಿದರು. ದುಡ್ಡು ಕೊಟ್ಟರೆ ಚಹಾಕ್ಕೆ ಆಗುವಷ್ಟು ಮಾತ್ರ ತೆಗೆದುಕೊಂಡು ಉಳಿದದ್ದನ್ನು ವಾಪಸ್ ಕೊಡ್ತಿದ್ದರು. ದೇವಗಡ ದ್ವೀಪದ ದೀಪಸ್ತಂಭ ನೋಡಿ ನೇರ ಈಜೋದು, ಅಲೆ ಬಾಯಿಗೆ ಬರುವಾಗ ಇನ್ನೊಂದು ಕಡೆಯಿಂದ ಉಸಿರು ಎಳೆಯೋದು, ಎಲ್ಲಾ ಅವರೇ ಕಲಿಸಿದ್ದು. ಯೂಟ್ಯೂಬಿನ ಕೋಚ್‌ಗಳು ಅದನ್ನೇ ಅರ್ಧ ಗಂಟೆ ಹೇಳ್ತಾರೆ, ಇವರು ಹುಟ್ಟಿನಿಂದ ನೀರಿಗೆ ಎರಡು ಸಲ ಹೊಡೆದು ತೋರಿಸಿಬಿಡ್ತಿದ್ದರು. 2024ರ ಆಗಸ್ಟ್‌ನಲ್ಲಿ ಕಾಳಿ ನದಿಯ ಹಳೆ ಸೇತುವೆ ರಾತ್ರಿ ಕುಸಿದು ಬಿತ್ತಲ್ಲ, ಆಗ ಲಾರಿ ಚಾಲಕನನ್ನು ನೀರಿಂದ ಮೇಲೆ ತರೋಕೆ ಪೊಲೀಸರ ಜೊತೆ ಇಳಿದದ್ದೂ ನಮ್ಮ ಮೀನುಗಾರರೇ. ಅಂಥವರ ಮುಂದೆ ನನ್ನ ಈಜು ಒಂದು ಆಟ, ಅಷ್ಟೇ.

ಬಸೆಲ್ಟನ್‌ನಲ್ಲಿ ಈಜೋದು ಒಂದು ಮರದ ಜೆಟ್ಟಿಯ ಸುತ್ತ. ಅದರ ಉದ್ದ 1,841 ಮೀಟರ್. ತುದಿ ಸುತ್ತಿಕೊಂಡು ಬಂದರೆ 3.8 ಆಗಿಯೇ ಬಿಡ್ತದೆ. ಫೋಟೋ ತೋರಿಸಿದಾಗ ದೋಣಿಯಣ್ಣ "ಇಷ್ಟುದ್ದ ಜೆಟ್ಟಿ! ಎಷ್ಟು ಬೋಟು ಕಟ್ಟಬಹುದು" ಅಂದರು. ಈಗ ಅದರ ಮೇಲೆ ಪ್ರವಾಸಿಗರ ಪುಟ್ಟ ರೈಲು ಓಡ್ತದೆ ಅಂದಾಗ ಅವರಿಗೆ ನಿಜವಾಗಿಯೂ ಬೇಜಾರಾಯ್ತು. 2017ರಲ್ಲಿ ಅಲ್ಲಿ ಶಾರ್ಕ್ ಕಂಡಿದ್ದಕ್ಕೆ ಈಜನ್ನೇ ರದ್ದು ಮಾಡಿದ್ದರು ಅನ್ನೋದನ್ನೂ ಹೇಳಿದೆ, ಸ್ವಲ್ಪ ಧೈರ್ಯ ಹೇಳಲಿ ಅಂತ. ನಮ್ಮ ಕಡೆ ಶಾರ್ಕಿಗೆ ಮೋರಿ ಅಂತಾರೆ. "ಮೋರಿ ಅಲ್ವಾ? ಅದನ್ನು ನಾವು ತಿಂತೇವೆ, ಅದು ನಮ್ಮನ್ನು ತಿನ್ನೂದಿಲ್ಲ." ಅಷ್ಟೇ ಧೈರ್ಯ ಸಿಕ್ಕಿದ್ದು.

ಅಲ್ಲಿಯ ನೀರು ನಮ್ಮ ಸಮುದ್ರದಷ್ಟು ಬೆಚ್ಚಗಿಲ್ಲ, ವೆಟ್‌ಸೂಟ್ ಹಾಕ್ತಾರೆ, ಮೈ ಬೆಚ್ಚಗಿಡುವ ಬಿಗಿ ರಬ್ಬರ್ ಉಡುಪು. ನನ್ನದು ಬೆಂಗಳೂರಿನ ಒಬ್ಬರು, ನಾನು ಮುಖವನ್ನೇ ನೋಡದವರು, ಬಸ್ಸಿನ ಪಾರ್ಸಲ್‌ನಲ್ಲಿ ಕಳಿಸಿದ್ದು. ಅಕ್ಟೋಬರಿನ ಕಾರವಾರದಲ್ಲಿ ಅದನ್ನು ಹಾಕಿ ನೋಡಿದ್ದು ದೊಡ್ಡ ತಪ್ಪು, ಐದು ನಿಮಿಷಕ್ಕೆ ಕಣ್ಣು ಕತ್ತಲೆ ಬಂತು. ಒಂದು ಹರಕೂ ಇಲ್ಲದೆ ವಾಪಸ್ ಕಳಿಸ್ತಾ ಇದ್ದೇನೆ, ಜೊತೆಗೆ ತೊಡದೇವು ಇದೆ.

ಸೈಕಲ್ ಅಂಗಡಿಯವರ ವಿಷಯ ಸ್ವಲ್ಪ ದೊಡ್ಡದು. ಅವರದ್ದು ಶಾಲೆ ಮಕ್ಕಳ ಸೈಕಲ್ಲಿಗೆ ಪಂಕ್ಚರ್ ಹಾಕುವ ಅಂಗಡಿ. ನನ್ನ ರೇಸ್ ಸೈಕಲ್ ಮೊದಲ ಸಲ ನೋಡಿದಾಗ ಇದಕ್ಕೆ ಸ್ಟ್ಯಾಂಡೂ ಇಲ್ವಲ್ಲ ಅಂತ ನಕ್ಕಿದ್ದರು. ಆಮೇಲೆ ತಾವೇ ವಿಡಿಯೋ ನೋಡಿ ಗೇರ್ ಕೆಲಸ ಕಲಿತರು. ಹೊರಡುವ ಮುಂಚಿನ ರಾತ್ರಿ ಹತ್ತೂವರೆವರೆಗೆ ಅವರು, ಅವರ ಮಗ ಮತ್ತು ನಾನು ಹಳೇ ಟೂತ್‌ಬ್ರಷ್ ಹಿಡಿದು ಟೈರಿನಿಂದ ಕೆಂಪು ಮಣ್ಣು ತೆಗೆದೆವು. ಆಸ್ಟ್ರೇಲಿಯಾದವರು ಬೇರೆ ದೇಶದ ಮಣ್ಣು ಒಳಗೆ ಬಿಡೋದಿಲ್ಲ. ಶೂ ಅಡಿಗಿನ ಸಂದಿಯಲ್ಲಿ ದೇವಿಮನೆ ಘಟ್ಟದ ಮಣ್ಣು ಅದೆಷ್ಟು ಇತ್ತು ಅಂದರೆ, ಅದರಲ್ಲಿ ಒಂದು ಮೆಣಸಿನ ಗಿಡ ನೆಡಬಹುದಿತ್ತು. ಪ್ಯಾಕ್ ಮಾಡುವಾಗ ಅವರು ಸೀಟಿನ ಕೆಳಗೆ ಏನೋ ಒಂದನ್ನು ಕರಿ ಟೇಪ್ ಸುತ್ತಿ ಅಂಟಿಸಿದರು. ಕೇಳಿದರೆ "ಇರಲಿ ಅಕ್ಕೋರೆ" ಅಂದರು, ಅಷ್ಟೇ.

ಪರ್ತ್‌ನಲ್ಲಿ ಇಳಿದು, ಅಲ್ಲಿಂದ 220 ಕಿ.ಮೀ. ದಕ್ಷಿಣಕ್ಕೆ ಬಸೆಲ್ಟನ್ ತಲುಪಿ ಪೆಟ್ಟಿಗೆ ಬಿಚ್ಚಿದರೆ, ಹಿಂದಿನ ಗೇರು ತೂಗು ಹಾಕುವ ಕೊಂಡಿ ಬಗ್ಗಿ ಹೋಗಿದೆ. ವಿಮಾನದಲ್ಲಿ ಯಾರು ಎಲ್ಲಿ ಎಸೆದರೋ. ರೇಸಿಗೆ ಎರಡು ದಿನ. ಹೋಟೆಲಿನ ನೆಲದ ಮೇಲೆ ಕೂತು ಸುಮ್ನೆ ಅತ್ತೆ. ಆಮೇಲೆ ಟೇಪ್ ನೆನಪಾಯ್ತು. ಬಿಚ್ಚಿದರೆ ಒಳಗೆ ಅದೇ ಅಳತೆಯ ಹೊಸ ಕೊಂಡಿ, ಎರಡು ಸ್ಕ್ರೂ, ಮತ್ತು ಬೀಡಿ ಕಟ್ಟಿನ ಕಾಗದದ ಹಿಂದೆ ಪೆನ್ಸಿಲ್‌ನಲ್ಲಿ ಬಿಡಿಸಿದ ಚಿತ್ರ: ಯಾವ ಸ್ಕ್ರೂ ಎಲ್ಲಿ, ಯಾವುದನ್ನು ಮೊದಲು. ಆ ಕಾಗದವನ್ನು ಮೆಡಲ್ ಇಟ್ಟ ಡಬ್ಬಿಯಲ್ಲೇ ಇಟ್ಟಿದ್ದೇನೆ.

ಶಿರಸಿ ಅಕ್ಕಾ, ನಿನಗೆ ಕ್ಷಮೆಯನ್ನೂ ಕೇಳಬೇಕು. ನಿಮ್ಮನೆಗೆ ಸುಮಾರು 120 ಕಿ.ಮೀ. ಘಟ್ಟ ಹತ್ತಿ ಬಂದು, ಬೆವರಿನ ವಾಸನೆಯಲ್ಲೇ ಊಟಕ್ಕೆ ಕೂತು, ಅಪ್ಪೆಹುಳಿ ನಾಲ್ಕು ಲೋಟ ಕುಡಿದು, ಒಂದು ಮಾತೂ ಆಡದೆ ಮಲಗಿದ ಭಾನುವಾರಗಳು ಎಷ್ಟೋ. ತಮಾಷೆ ಏನು ಅಂದರೆ ಬಸೆಲ್ಟನ್ ರಸ್ತೆಯಲ್ಲಿ ಘಟ್ಟ ಬಿಡು, ಒಂದು ದಿಬ್ಬ ಕೂಡಾ ಇಲ್ಲ. ಚಪ್ಪಟೆ ರಸ್ತೆ ಸುಲಭ ಅಂತ ಅಂದುಕೊಂಡಿದ್ದೆ. ಅಲ್ಲ. ಘಟ್ಟದಲ್ಲಿ ಹತ್ತಿದ್ದಕ್ಕೆ ಇಳಿಜಾರು ಸಿಗ್ತದೆ, ಕಾಲಿಗೆ ವಿಶ್ರಾಂತಿ, ಕೂತ ಜಾಗಕ್ಕೂ ವಿಶ್ರಾಂತಿ. ಅಲ್ಲಿ ಹಾಗಿಲ್ಲ, 180 ಕಿ.ಮೀ. ತುಳಿತಾನೇ ಇರಬೇಕು. ಮಧ್ಯಾಹ್ನದ ಮೇಲೆ ಎದುರುಗಾಳಿ, ಅದರ ಜೊತೆ ಮೂಗು ಬಾಯಿ ಬಿಡದ ನೊಣ. ಕೊನೆಗೆ ನೆರವಿಗೆ ಬಂದದ್ದು ನನಗೆ ಬೋರು ಹೊಡೆಸುತ್ತಿದ್ದ ಹೆದ್ದಾರಿಯೇ, ಕಾರವಾರದಿಂದ ಹೊನ್ನಾವರಕ್ಕೆ ಹೋಗಿ ಬರೋದು. ಅದೂ ಹತ್ತಿರಹತ್ತಿರ 180.

ರಜೆಗೆ, ವಿದೇಶಕ್ಕೆ ಹೋಗುವ ಅನುಮತಿಗೆ ಹಾಕಿದ ಅರ್ಜಿ ಒಂದು ಮೇಜಿನ ಮೇಲೆ ಎರಡು ತಿಂಗಳು ಮಲಗಿತ್ತು. ಯಾವ ಮೇಜು ಅಂತ ಹೇಳೋದಿಲ್ಲ. ಅದನ್ನು ಎಬ್ಬಿಸಿದ ಗುಮಾಸ್ತರಿಗೆ ನಮಸ್ಕಾರ. ನನ್ನ ತರಗತಿ ತೆಗೆದುಕೊಂಡ ಸಹೋದ್ಯೋಗಿಗಳಿಗೂ, ನನಗೋಸ್ಕರ ಅಡುಗೆ ಕಲಿತ ಗಂಡನಿಗೂ (ಸಾರು ಪರವಾಗಿಲ್ಲ, ಪಲ್ಯ ಇನ್ನೂ ಬರಬೇಕು).

ನಮ್ಮ ಅತ್ತೆಗೆ 76. ಮಳೆಗಾಲದಲ್ಲಿ ಸಮುದ್ರಕ್ಕೆ ಇಳಿಯೋ ಹಾಗಿಲ್ಲ, ರಸ್ತೆಯಲ್ಲೂ ಕಷ್ಟ, ಹಾಗಾಗಿ ಜಗಲಿಯಲ್ಲಿ ಸ್ಟ್ಯಾಂಡಿಗೆ ಸೈಕಲ್ ಸಿಕ್ಕಿಸಿ ನಾಲ್ಕು ನಾಲ್ಕು ಗಂಟೆ ತುಳಿತಿದ್ದೆ. ಮೊದಲ ವಾರ ಅವರಿಗೆ ಸಿಟ್ಟು ಬಂತು. "ಇಷ್ಟು ತುಳಿದ್ರೂ ಜಗಲಿ ದಾಟಲಿಲ್ಲ ನೀನು" ಅಂದರು. ಎರಡನೇ ವಾರ ಪಕ್ಕದಲ್ಲಿ ಹೂ ಕಟ್ಟೋಕೆ ಕೂತರು. ಆಮೇಲೆ ಗಂಟೆಗೊಮ್ಮೆ ಮುರುಗಲು ಪಾನಕಕ್ಕೆ ಉಪ್ಪು ಬೆಲ್ಲ ಹಾಕಿ ಕೊಡೋದು ಅವರ ಡ್ಯೂಟಿ ಆಯ್ತು, ಗಡಿಯಾರ ನೋಡಿಯೇ. ರೇಸಿನ ದಿನ ಸೈಕಲ್ ಮೇಲೆ ಪ್ರತಿ ಗಂಟೆಗೆ ನಾನು ತಪ್ಪದೆ ಕುಡಿದದ್ದು ಆ ಅಭ್ಯಾಸದಿಂದ.

ಇನ್ನೊಬ್ಬರಿದ್ದಾರೆ, ಅವರು ಇದನ್ನು ಓದೋದಿಲ್ಲ. ಓಟ ಸಮುದ್ರದ ಪಕ್ಕದ ದಾರಿಯಲ್ಲಿ, ಸುತ್ತು ಸುತ್ತಾಗಿ. ಒಂದು ಮನೆಯ ಮುಂದೆ ಮಡಚುವ ಕುರ್ಚಿ ಹಾಕಿ ಕೂತ ಅಜ್ಜಿ ನನ್ನ ಎದೆಯ ನಂಬರಿನ ಕೆಳಗಿದ್ದ ಹೆಸರನ್ನು ಪ್ರತಿ ಸಲವೂ ಬೇರೆ ಬೇರೆ ಥರ ತಪ್ಪಾಗಿ ಕೂಗಿದರು. 30 ಕಿ.ಮೀ. ಆದ ಮೇಲೆ ನಾನು ಓಡ್ತಾ ಇರಲಿಲ್ಲ, ಕಾಲು ಎಳೀತಾ ಇದ್ದೆ. ಕತ್ತಲಾಗಿತ್ತು. ಈಗ ಎದ್ದು ಹೋಗಿರ್ತಾರೆ ಅಂದುಕೊಂಡೇ ಬಂದೆ. ಕಂಬಳಿ ಹೊದ್ದುಕೊಂಡು ಕೂತಿದ್ದರು. ಈ ಸಲ ಹೆಸರು ಸರಿಯಾಗಿ ಕೂಗಿದರು. ಅಲ್ಲಿಂದ ಸ್ವಲ್ಪ ದೂರ ಓಡಿದೆ, ನಿಜವಾದ ಓಟ.

ಬಂದ ಮಾರನೇ ದಿನ ಮೆಡಲ್ ತೆಗೆದುಕೊಂಡು ಬೈತಖೋಲಕ್ಕೆ ಹೋದೆ. ದೋಣಿಯಣ್ಣ ಬಲೆ ಸರಿ ಮಾಡ್ತಾ ಇದ್ದರು. ಕೈ ಒರೆಸಿಕೊಂಡು ಮೆಡಲ್ ತಗೊಂಡರು, ಅಂಗೈಯಲ್ಲಿ ತೂಗಿ ನೋಡಿದರು, ಪಕ್ಕದವರಿಗೂ ಕೊಟ್ಟರು. ಕೈಯಿಂದ ಕೈಗೆ ಹೋಗಿ ವಾಪಸ್ ಬರುವಾಗ ಅದಕ್ಕೆ ಮೀನಿನ ವಾಸನೆ ಹತ್ತಿತ್ತು.

"ನಾಳೆ ಬರ್ತ್ರಾ?" ಅಂತ ಕೇಳಿದರು.

ಕಾಲು ನೋಯ್ತದೆ ಅಂದೆ.

"ಹಂಗಾರೆ ಸೋಮವಾರ. ಐದೂವರೆಗೇ ಬನ್ನಿ, ಆಮೇಲೆ ಗಾಳಿ ಏಳ್ತದೆ."